ಘಟ್ಟದ ಮೇಲಿನ ಸಿಂಹಾಸನ, ನೀರಿಗಿಳಿಯದ ನೌಕಾಪಡೆ

ಗೊಬ್ಬೂರದಿಂದ ಆಳಂದದ ಕಡೆಗೆ ಹೊರಟರೂ, ಅಫಜಲಪುರದ ಹಾದಿ ಹಿಡಿದರೂ, ಭೀಮೆಯನ್ನು ದಾಟಿ ಜೇವರ್ಗಿಗೆ ಹೋದರೂ ಕಣ್ಣಿಗೆ ಬೀಳುವುದು ಎರೆಭೂಮಿ, ತೊಗರಿಯ ಹೊಲ, ಬೇಸಗೆಯಲ್ಲಿ ಬಿರಿದ ನೆಲ. ಈ ನಾಡಿನ ಮಕ್ಕಳಿಗೆ ಕಡಲೆಂಬುದು ಕೇಳಿದ ಮಾತೇ ಹೊರತು ಕಂಡ ಸಂಗತಿಯಲ್ಲ. ಆದರೂ ನಮ್ಮ ನೆಲವನ್ನಾಳಿದ ಪ್ರಭುತ್ವಗಳ ಭಾಗ್ಯವು ಶತಶತಮಾನಗಳ ಕಾಲ ಪಶ್ಚಿಮ ಸಮುದ್ರದ ಅಲೆಗಳ ಮೇಲೆಯೇ ತೇಲುತ್ತಿತ್ತು. ಭೀಮೆಗೆ ಕೂಡುವ ಕಾಗಿಣೆಯ ದಡದ ಮಾನ್ಯಖೇಟದಲ್ಲಿ ರಾಷ್ಟ್ರಕೂಟರು ವಿರಾಜಿಸುತ್ತಿದ್ದ ಕಾಲದಲ್ಲಿ, ಅರಬ್ಬೀ ವರ್ತಕನಾದ ಸುಲೈಮಾನನು ಬಲ್ಹರಾ ಎಂಬ ಹೆಸರಿನಿಂದ ನಮ್ಮ ವಲ್ಲಭರಾಯರನ್ನು ಜಗತ್ತಿನ ನಾಲ್ವರು ಮಹಾರಾಜರಲ್ಲಿ ಒಬ್ಬರೆಂದು ಎಣಿಸಿದನು. ಆ ಗೌರವಕ್ಕೆ ಖಡ್ಗವೊಂದೇ ಕಾರಣವಾಗಿರಲಿಲ್ಲ. ಚಿಂಚಣಿಯಲ್ಲಿ ದೊರೆತ 926ರ ತಾಮ್ರಶಾಸನವು ಹೇಳುವಂತೆ, ಎರಡನೆಯ ಕೃಷ್ಣನು ತನ್ನ ಸಂಜಾನ ಮಂಡಲದ ಆಡಳಿತವನ್ನು ಮಧುಮತಿ ಸುಗತಿಪನೆಂಬ ತಾಜಿಕನಿಗೆ, ಅಂದರೆ ಕಡಲಾಚೆಯಿಂದ ಬಂದ ವಂಶದವನಿಗೆ, ಒಪ್ಪಿಸಿದ್ದನು. ಆತನು ಸುತ್ತಣ ಬಂದರುಗಳ ನಾಯಕರನ್ನು ಒಡೆಯನ ಪರವಾಗಿ ಅಡಗಿಸಿದನು, ಹೊಳೆ ದಾಟುವವರಿಗೆ ಶುಲ್ಕವಿಲ್ಲದ ದೋಣಿಗಳನ್ನು ಇಡಿಸಿದನು. ಕಡಲನ್ನು ಕಡಲು ಬಲ್ಲವನ ಕೈಗಿಟ್ಟು ತಾನು ಘಟ್ಟದ ಮೇಲೆ ನಿಶ್ಚಿಂತನಾಗಿದ್ದ ಆ ಅರಸನ ರಾಜನೀತಿಯನ್ನು ವಾಚಕರು ನೆನಪಿನಲ್ಲಿಡಬೇಕು. ಅವನ ನಂತರ ಬಂದ ದಖ್ಖನದ ಪ್ರಭುಗಳಲ್ಲಿ ಹೆಚ್ಚಿನವರು ಹಡಗನ್ನು ಬಯಸಿದರು, ಹಡಗಿನವನನ್ನು ನಂಬಲಿಲ್ಲ.

ಕಲಬುರಗಿಯಲ್ಲಿ 1347ರಲ್ಲಿ ಬಹಮನಿ ಸಿಂಹಾಸನವು ಸ್ಥಾಪಿತವಾದ ಮೇಲೆ ಈ ಸಮುದ್ರಾಶ್ರಯವು ಇನ್ನೂ ಗಾಢವಾಯಿತು. ಆ ರಾಜ್ಯದ ಬಲವೆಲ್ಲ ಅಶ್ವಬಲ. ಉತ್ತಮ ಅಶ್ವಗಳೋ ಅರಬಸ್ಥಾನ, ಪಾರಸ ದೇಶಗಳಿಂದ ಹಡಗೇರಿ ಚೌಲ, ದಾಭೋಳಗಳಲ್ಲಿ ಇಳಿದು ಘಟ್ಟವೇರಿ ಬರಬೇಕು. ಭೀಮಾತೀರದಲ್ಲಿ ತನ್ನ ಹೆಸರಿನ ಫಿರೋಜಾಬಾದನ್ನು ಕಟ್ಟಿದ ಫಿರೋಜ ಶಹನು (1397–1422) ಪ್ರತಿವರ್ಷವೂ ಪಶ್ಚಿಮದ ಬಂದರುಗಳಿಂದ ಹಡಗುಗಳನ್ನು ಕಳುಹಿಸಿ, ದೇಶದೇಶಗಳ ಅಪೂರ್ವ ವಸ್ತುಗಳನ್ನೂ ವಿದ್ವಾಂಸರನ್ನೂ ತರಿಸುತ್ತಿದ್ದನೆಂದು ಇತಿಹಾಸಕಾರ ಫರಿಶ್ತಾ ಬರೆದಿದ್ದಾನೆ. ಇಂದು ಜೇವರ್ಗಿಯ ಹಾದಿಯಲ್ಲಿ ಹಾಳುಬಿದ್ದಿರುವ ಆ ಕೋಟೆಯ ಗೋಡೆಗಳ ಒಳಗೆ ಒಂದು ಕಾಲಕ್ಕೆ ಪಾರಸಿಯ ಕಾವ್ಯಚರ್ಚೆ ನಡೆದಿದ್ದರೆ, ಅದಕ್ಕೆ ಋತುಮಾರುತವನ್ನು ಬಲ್ಲ ಹೆಸರಿಲ್ಲದ ನಾಖುದಾಗಳೂ, ಎಂದರೆ ಹಡಗಿನ ನಾಯಕರೂ, ಕಾರಣರು. ಮುಂದೆ 1453ರಲ್ಲಿ ಹಡಗಿನಲ್ಲಿ ಬಂದು ದಾಭೋಳದಲ್ಲಿ ಇಳಿದ ಗೀಲಾನ್ ಮೂಲದ ವರ್ತಕನೊಬ್ಬನು ಮಹಮೂದ ಗವಾನನೆಂಬ ಹೆಸರಿನಿಂದ ಮಹಾಮಂತ್ರಿಯಾದನು. ಕೊಂಕಣದ ಕಡಲ್ಗಳ್ಳರನ್ನು ಅಡಗಿಸುತ್ತ ಮುಂದುವರಿದು 1472ರಲ್ಲಿ ಗೋವೆಯನ್ನೇ ಗೆದ್ದುಕೊಟ್ಟನು. ಕಡಲಿನ ಬೆಲೆಯನ್ನು ತಿಳಿದಿದ್ದ ಆ ಏಕಮಾತ್ರ ಮಂತ್ರಿಯ ಶಿರಸ್ಸನ್ನು 1481ರಲ್ಲಿ ಕೂಟಪತ್ರದ ಆಧಾರದ ಮೇಲೆ ಛೇದಿಸಿದವರು ಶತ್ರುಗಳಲ್ಲ, ಅವನ ಒಡೆಯರೇ.

ಬಹಮನಿಯ ಭಗ್ನಾವಶೇಷದಿಂದ ಎದ್ದ ವಿಜಯಪುರದ ಆದಿಲಶಾಹಿಗೆ ಗೋವೆಯು ಪಾಲಾಗಿ ಬಂದಿತು. ಆ ಹೊತ್ತಿಗೆ ಸಾಗರದ ಸ್ವಭಾವವೇ ಬದಲಾಗಿತ್ತು. 1509ರ ಫೆಬ್ರುವರಿಯಲ್ಲಿ ದೀವಿನ ಎದುರು ಪೋರ್ಚುಗೀಜರು ಈಜಿಪ್ಟಿನ ನೌಕಾಪಡೆಯನ್ನು ಧ್ವಂಸಮಾಡಿದರು. ಅಳಿದುಳಿದ ರೂಮಿ (ತುರ್ಕಿ) ಯೋಧರೂ ಬಡಗಿಗಳೂ ಗೋವೆಯಲ್ಲಿ ಆಶ್ರಯ ಪಡೆದು ಹೊಸ ಹಡಗುಗಳ ನಿರ್ಮಾಣಕ್ಕೆ ತೊಡಗಿದರು. ಆ ಹಡಗುಗಳು ಪೂರ್ಣಗೊಂಡಿದ್ದರೆ ಪಶ್ಚಿಮ ಕರಾವಳಿಯ ಕಥೆ ಬೇರೆಯಾಗುತ್ತಿತ್ತೇನೋ! ಆದರೆ ಹೊನ್ನಾವರದ ನೌಕಾನಾಯಕ ತಿಮ್ಮಯ್ಯನು, ಪೋರ್ಚುಗೀಜರ ಕಾಗದಗಳ ತಿಮೋಜನು, ಗೋವೆಯ ಸ್ಥಿತಿಯನ್ನು ಪೋರ್ಚುಗೀಜ್ ಗವರ್ನರ್ ಆಲ್ಬುಕರ್ಕನ ಕಿವಿಗೆ ಹಾಕಿದನು. 1510ರ ಆರಂಭದಲ್ಲಿ ಒಮ್ಮೆ ಗೆದ್ದು, ಆದಿಲಶಾಹಿಯ ಸೈನ್ಯಕ್ಕೆ ಸೋತು ಹೊರಬಿದ್ದು, ಅದೇ ವರ್ಷ ನವೆಂಬರ್ 25ರಂದು ಆಲ್ಬುಕರ್ಕನು ಗೋವೆಯನ್ನು ಶಾಶ್ವತವಾಗಿ ಕಸಿದುಕೊಂಡನು. ಕಟ್ಟೆಯ ಮೇಲೆ ಅರ್ಧಕ್ಕೆ ನಿಂತಿದ್ದ ಹಡಗುಗಳು ಕಟ್ಟಿಸಿದವರ ಬಾವುಟವನ್ನು ಕಾಣಲೇ ಇಲ್ಲ. ತಿಮ್ಮಯ್ಯನನ್ನು ದ್ರೋಹಿಯೆಂದು ಬಯ್ಯುವುದು ಸುಲಭ; ಅವನಂಥ ನಾವಿಕನು ಆದಿಲಶಾಹಿಯ ಸೇವೆಯಲ್ಲಿ ಏಕೆ ಇರಲಿಲ್ಲವೆಂಬ ಪ್ರಶ್ನೆಯನ್ನು ನಮ್ಮ ಇತಿಹಾಸಗ್ರಂಥಗಳು ಅಷ್ಟಾಗಿ ಕೇಳಿಲ್ಲ.

ಎರಡೂವರೆ ಶತಮಾನಗಳು ಕಳೆದವು. ಈ ದೀರ್ಘ ಕಥೆಯ ಮುಖ್ಯ ಪರ್ವವು ಆರಂಭವಾಗುವುದು 1763ರಲ್ಲಿ, ಮೈಸೂರಿನ ಹೈದರಾಲಿಯು ಕೆಳದಿ ಅರಸರ ಬಿದನೂರನ್ನು ಗೆದ್ದ ವರ್ಷದಲ್ಲಿ. ಆ ನಗರದ ಬೊಕ್ಕಸದೊಡನೆ ಮಂಗಳೂರು, ಬಸರೂರು, ಹೊನ್ನಾವರಗಳೂ ಅವನ ಕೈಗೆ ಬಂದವು. ಅಕ್ಷರಜ್ಞಾನವಿಲ್ಲದ ಆ ಅಸಾಧಾರಣ ಪುರುಷನು ಇಂಗ್ಲಿಷರ ಬಲದ ಮೂಲವು ಮದರಾಸಿನ ಕೋಟೆಯಲ್ಲಿಲ್ಲ, ಅವರ ಹಡಗುಗಳಲ್ಲಿದೆ ಎಂಬುದನ್ನು ತನ್ನ ಸಮಕಾಲೀನ ರಾಜರೆಲ್ಲರಿಗಿಂತ ಮೊದಲೇ ಗ್ರಹಿಸಿದನು. ಹೊನ್ನಾವರದ ಶರಾವತಿಯ ಹಿನ್ನೀರಿನಲ್ಲಿ, ಮಂಗಳೂರಿನಲ್ಲಿ ಯುದ್ಧನೌಕೆಗಳನ್ನು ಕಟ್ಟುವ ಕಾರ್ಯ ಮೊದಲಾಯಿತು. ಕಣ್ಣಾನೂರಿನ ಆಲಿರಾಜನು ಮೊದಲಿಗೆ ನೌಕಾಧಿಪತಿಯಾದನು. ಆತನು ಮಾಲ್ದೀವಿನ ಮೇಲೆ ದಂಡೆತ್ತಿ ಅಲ್ಲಿನ ಸುಲ್ತಾನನ ಕಣ್ಣು ಕೀಳಿಸಿದನೆಂದೂ, ಅದಕ್ಕೆ ಕುಪಿತನಾದ ಹೈದರನು ಅವನನ್ನು ಪದಚ್ಯುತಗೊಳಿಸಿದನೆಂದೂ ಆ ಕಾಲದ ಫ್ರೆಂಚ್ ಲೇಖಕನೊಬ್ಬನು ಬರೆದಿದ್ದಾನೆ. ಶಿಕ್ಷೆ ನ್ಯಾಯವಾದದ್ದೇ. ಆದರೆ ಅನಂತರದ ಆಯ್ಕೆ? ನೌಕಾಪಡೆಯ ಮೇಲಧಿಕಾರವು ಲುತ್ಫ್ ಅಲಿ ಬೇಗನೆಂಬ ಅಶ್ವದಳದ ಸರದಾರನ ಪಾಲಾಯಿತು. 1768ರಲ್ಲಿ ಮುಂಬಯಿಯ ಇಂಗ್ಲಿಷ್ ದಂಡು ಹೊನ್ನಾವರ, ಮಂಗಳೂರುಗಳ ಮುಂದೆ ಬಂದು ನಿಂತಾಗ, ಕುದುರೆಯವನ ಆಜ್ಞೆಯಡಿ ಮೊದಲೇ ಕುದಿಯುತ್ತಿದ್ದ ಕಪ್ತಾನರು ತಮ್ಮ ಹಡಗುಗಳೊಡನೆ ಶತ್ರುವಿನ ಪಕ್ಷಕ್ಕೆ ಸೇರಿಬಿಟ್ಟರು. ಹತ್ತು ಸಾವಿರ ಸವಾರರನ್ನು ಕಣ್ಸನ್ನೆಯಿಂದ ತಿರುಗಿಸಬಲ್ಲ ಹೈದರನಿಗೆ ಹಾಯಿ ತಿರುಗಿಸುವವನ ಅಭಿಮಾನವು ಅರ್ಥವಾಗಲಿಲ್ಲ.

ಆದರೂ ಆತನು ಕೈಬಿಡಲಿಲ್ಲ. ಮತ್ತೆ ಕಟ್ಟಿಸಿದನು. 1780ರ ಡಿಸೆಂಬರಿನಲ್ಲಿ ಸರ್ ಎಡ್ವರ್ಡ್ ಹ್ಯೂಸನು ಮಂಗಳೂರಿನ ಎದುರಿಗೆ ಬಂದು ಆ ಎರಡನೆಯ ಪಡೆಯನ್ನೂ ಸುಟ್ಟನು. 1783ರ ಆರಂಭದಲ್ಲಿ ಜನರಲ್ ಮ್ಯಾಥ್ಯೂಸನ ಸೇನೆಯು ಹೊನ್ನಾವರವನ್ನು ಲಗ್ಗೆಯಿಂದ ಹಿಡಿದು ಅಲ್ಲಿದ್ದ ಹಡಗುಗಳನ್ನು ಹಿನ್ನೀರಿನಲ್ಲೇ ಮುಳುಗಿಸಿತು. ಹೈದರನು ಅಷ್ಟರಲ್ಲಿ ಕಾಲವಾಗಿದ್ದನು. 1784ರ ಮಂಗಳೂರು ಒಪ್ಪಂದದಿಂದ ಕರಾವಳಿಯು ಅವನ ಮಗ ಟಿಪ್ಪುವಿಗೆ ಮರಳಿತು. ಆದರೆ ಮರಳಿ ಬಂದ ತೀರವನ್ನು ಆತನು ಶಂಕೆಯ ಕಣ್ಣಿನಿಂದ ನೋಡಿದನು. ಮಂಗಳೂರಿನ ಕೋಟೆಯನ್ನು ಕೆಡವಿಸಿದನು. ಹೊನ್ನಾವರದ ಪಟ್ಟಣವನ್ನೇ, ತಂದೆಯು ಹಡಗುಕಟ್ಟೆ ಸ್ಥಾಪಿಸಿದ ಪಟ್ಟಣವನ್ನು, ನೆಲಸಮ ಮಾಡಿಸಿದನು. ಕೆನರಾ ಸೀಮೆಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ಶತ್ರುವಿಗೆ ಆಸರೆಯಾಗಬಾರದೆಂಬ ಎಣಿಕೆ ಇದರ ಹಿಂದಿತ್ತು; ಹೀಗೆ ಬರಿದಾದ ಕರಾವಳಿಯಲ್ಲಿ ನಾಳೆ ತನ್ನ ಹಡಗನ್ನು ಯಾರು ಕಟ್ಟುತ್ತಾರೆಂಬ ಎಣಿಕೆ ಇರಲಿಲ್ಲ.

ಹಡಗಿನ ಅವಶ್ಯಕತೆಯನ್ನು ಟಿಪ್ಪುವು ತಂದೆಗಿಂತಲೂ ತೀವ್ರವಾಗಿ ಬಲ್ಲವನಾಗಿದ್ದನು. 1786ರ ಮಾರ್ಚಿನಲ್ಲಿ ತದಡಿಯಿಂದ ಹೊರಟ ಅವನ ರಾಯಭಾರದ ನೌಕಾಯಾತ್ರೆಯು ಕನ್ನಡ ನಾಡಿನ ಬಂದರಿನಿಂದ ಹೊರಟ ಮಹಾಪ್ರಯಾಣಗಳಲ್ಲೊಂದು. ಗುಲಾಂ ಅಲಿ ಖಾನನ ನಾಯಕತ್ವ; ಗುರಾಬ್-ಎ-ಸೂರತಿ, ಫಖ್ರುಲ್ ಮರಾಕಿಬ್ ಮೊದಲಾದ ನಾಲ್ಕು ಹಡಗುಗಳು; ಸುಮಾರು ಒಂಬೈನೂರು ಜನ; ಮೆಣಸು, ಗಂಧ, ಏಲಕ್ಕಿಗಳ ಮೂಟೆಗಳು; ರಾಜರಿಗೆ ಕಾಣಿಕೆಯಾಗಿ ಆನೆಗಳು. ಮಸ್ಕತ್, ಬುಶೇರ್, ಬಸ್ರಾಗಳ ಮಾರ್ಗವಾಗಿ ಇಸ್ತಾಂಬುಲಿನ ಖಲೀಫನನ್ನು ಕಂಡು, ಬಸ್ರಾ ಬಂದರನ್ನು ಗುತ್ತಿಗೆಗೆ ಕೇಳಬೇಕು, ಬದಲಿಗೆ ಮಂಗಳೂರಿನಲ್ಲಿ ಸೌಕರ್ಯ ಕೊಡಬೇಕು, ಗಡಿಯಾರ, ಗಾಜು, ಬಂದೂಕು ಮಾಡುವ ಕುಶಲಿಗಳನ್ನು ತರಬೇಕು. ಎಂಥ ವಿಶಾಲ ಸಂಕಲ್ಪ! ಮೈಸೂರಿನ ಅರಸನೊಬ್ಬನು ಯೂಫ್ರೆಟಿಸಿನ ಮುಖದಲ್ಲಿ ತನ್ನ ಬಾವುಟದ ಬಂದರನ್ನು ಕಲ್ಪಿಸಿಕೊಂಡನು. ಆದರೆ ದಾರಿಯಲ್ಲಿ ಆನೆಗಳು ಸತ್ತವು, ಹಡಗುಗಳು ನಷ್ಟವಾದವು, ಇಸ್ತಾಂಬುಲಿನ ಚಳಿಯೂ ಪ್ಲೇಗೂ ಜನರನ್ನು ಗುಂಪುಗುಂಪಾಗಿ ಕೊಂಡೊಯ್ದವು. 1789ರ ಕೊನೆಗೆ ತಾಯ್ನೆಲವನ್ನು ಮತ್ತೆ ಕಂಡವರು ಹೋದವರಲ್ಲಿ ಅತ್ಯಲ್ಪ ಭಾಗ. ಫ್ರಾನ್ಸಿಗೆ ಹೋದ ಇನ್ನೊಂದು ರಾಯಭಾರವು 1788ರ ಆಗಸ್ಟಿನಲ್ಲಿ ವರ್ಸೇಲ್ಸಿನ ಅರಮನೆಯಲ್ಲಿ ಹದಿನಾರನೆಯ ಲೂಯಿಯ ಮುಂದೆ ನಿಂತಿತು. ಆ ಮಂದಿ ಸಮುದ್ರ ದಾಟಿದ್ದು ಫ್ರೆಂಚರ ಹಡಗಿನಲ್ಲಿ.

1792ರ ಮಾರ್ಚಿನ ಶ್ರೀರಂಗಪಟ್ಟಣದ ಒಪ್ಪಂದವು ಸುಲ್ತಾನನಿಂದ ಅರ್ಧ ರಾಜ್ಯವನ್ನೂ ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಗಳನ್ನೂ ಒತ್ತೆಯಾಗಿ ಇಬ್ಬರು ಮಕ್ಕಳನ್ನೂ ಕಿತ್ತುಕೊಂಡಿತು. ಮಲಬಾರು ಹೋಯಿತು, ಮಂಗಳೂರಿನಿಂದ ಕಾಳಿ ನದಿಯ ಮುಖದ ಸದಾಶಿವಗಡದವರೆಗಿನ ಕೆನರಾ ತೀರ ಮಾತ್ರ ಉಳಿಯಿತು. ಇಂಥ ಪರಾಭವದ ಮಧ್ಯದಿಂದಲೇ ಅವನ ಅತ್ಯಂತ ಭವ್ಯವಾದ ನೌಕಾಯೋಜನೆಯು ಉದಿಸಿತು. 1796ರಲ್ಲಿ ಅವನು ಹೊರಡಿಸಿದ ನಿಯಮಾವಳಿಗಳನ್ನು ಮುಂದೆ ಕರ್ನಲ್ ಕರ್ಕ್‌ಪ್ಯಾಟ್ರಿಕ್ಕನು ಇಂಗ್ಲಿಷಿಗೆ ತಿರುಗಿಸಿ 1811ರಲ್ಲಿ ಅಚ್ಚುಹಾಕಿಸಿದ್ದರಿಂದ ಅದರ ವಿವರಗಳು ನಮಗೆ ಉಳಿದಿವೆ. ಇಪ್ಪತ್ತು ಮಹಾಯುದ್ಧನೌಕೆಗಳು, ಇಪ್ಪತ್ತು ಫ್ರಿಗೇಟುಗಳು, ಒಟ್ಟು ನಲವತ್ತು. ಅತಿದೊಡ್ಡ ಹಡಗಿಗೆ 72 ತೋಪುಗಳು. ಯುರೋಪಿನ ಮಹಾಶಕ್ತಿಗಳ ಸಾಮಾನ್ಯ ಮಹಾಯುದ್ಧನೌಕೆಗೆ ಇದು ಹೆಚ್ಚುಕಡಿಮೆ ಸಮಾನವಾದ ಪ್ರಮಾಣ. ಮರವನ್ನು ಕೊರೆಯುವ ಕಡಲಹುಳುವಿನಿಂದ ರಕ್ಷಿಸಲು ತಳಕ್ಕೆ ತಾಮ್ರದ ತಗಡಿನ ಹೊದಿಕೆ. ಮೀರ್ ಯಮ್ ಎಂಬ ಬಿರುದಿನ ಹನ್ನೊಂದು ಜನರ ಮಂಡಲಿ, ಅದರಡಿ ಮೀರ್ ಬಹರ್ ಎಂಬ ಮೂವತ್ತು ನೌಕಾನಾಯಕರು. ಸುಲ್ತಾನನ ದಫ್ತರವು ಜಮಾಲಾಬಾದೆಂದು ಕರೆದ ಮಂಗಳೂರಿನಲ್ಲಿ ಒಂದು ಹಡಗುಕಟ್ಟೆ, ಅದರ ಉತ್ತರಕ್ಕೆ ವಾಜಿದಾಬಾದು, ಮಾಜಿದಾಬಾದುಗಳೆಂಬ ಹೊಸ ಹೆಸರು ಹೊತ್ತ ಇನ್ನೆರಡು. ತೋಪು ಮತ್ತು ಮದ್ದು ಒಬ್ಬ ಸರದಾರನಿಗೆ, ಬಂದೂಕಿನವರು ಇನ್ನೊಬ್ಬನಿಗೆ, ಖಲಾಸಿಗಳೂ ಹಾಯಿಯೂ ಮತ್ತೊಬ್ಬನಿಗೆ ಎಂದು ಪ್ರತಿ ಹಡಗಿನ ಆಡಳಿತವೂ ಕಾಗದದ ಮೇಲೆ ಸ್ಪಷ್ಟವಾಗಿ ವಿಭಜಿತವಾಗಿತ್ತು. ಓದಿದರೆ ರೋಮಾಂಚವಾಗುತ್ತದೆ. ಅರ್ಧ ರಾಜ್ಯ ಕಳೆದುಕೊಂಡವನು ಬರೆಸಿದ ಪತ್ರವೆಂದು ಯಾರೂ ಹೇಳಲಾರರು.

ಕಾಗದದಿಂದ ಕಟ್ಟೆಗೆ ಇಳಿದಾಗಲೇ ಕಷ್ಟಪರಂಪರೆ ತಲೆಯೆತ್ತಿತು. ಘಟ್ಟದಲ್ಲಿ ತೇಗಕ್ಕೆ ಬರವಿರಲಿಲ್ಲ, ಕೂವೆಮರಕ್ಕೆ ನೇರವಾದ ಸುರಹೊನ್ನೆಯಿತ್ತು, ಹಗ್ಗಕ್ಕೆ ತೆಂಗಿನ ನಾರು, ಸಂದು ತುಂಬಲು ರಾಳ, ಎಲ್ಲವೂ ಸ್ವದೇಶದ ಸಂಪತ್ತು. ಆದರೆ ಇಂಥ ಒಂದು ನೌಕೆಗೆ ಸಾವಿರಾರು ಮರಗಳು ಬೀಳಬೇಕು. ಬಿದ್ದ ಮರವನ್ನು ಆನೆಗಳಿಂದ ಎಳೆಸಿ, ಮಳೆಗಾಲದ ಹೊಳೆಯಲ್ಲಿ ತೇಲಿಬಿಟ್ಟು ಕಡಲಂಚಿಗೆ ತರಬೇಕು. ತಂದದ್ದು ವರ್ಷಗಟ್ಟಲೆ ಒಣಗಿ ಹದಗೊಳ್ಳಬೇಕು. ಹಸಿಮರದಲ್ಲಿ ಕಟ್ಟಿದ ಹಡಗು ಶತ್ರುವಿನ ಗುಂಡಿಗಿಂತ ಮೊದಲೇ ತನ್ನಷ್ಟಕ್ಕೆ ಬಿರಿಯುತ್ತದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಪಶ್ಚಿಮ ಕರಾವಳಿಯಲ್ಲಿ ಕಡಲ ಕೆಲಸವೇ ನಿಲ್ಲುತ್ತದೆ. ಇದಕ್ಕಿಂತ ದೊಡ್ಡ ವಿಘ್ನ ಅಳಿವೆಯದು. ನೇತ್ರಾವತಿಯಿಂದ ಶರಾವತಿಯವರೆಗೆ ನಮ್ಮ ಹೊಳೆಗಳೆಲ್ಲ ಕಡಲು ಸೇರುವಲ್ಲಿ ಮರಳದಿಬ್ಬ ಕಟ್ಟಿಕೊಳ್ಳುತ್ತವೆ. ಕಡಿಮೆ ನೀರು ಬೇಡುವ ಪತ್ತೆಮಾರಿ, ಮಚವೆಗಳು ಭರತದ ವೇಳೆಯಲ್ಲಿ ಅದರ ಮೇಲೆ ಹಾಯ್ದು ಹೋಗುತ್ತವೆ; ಇಪ್ಪತ್ತು ಅಡಿ ನೀರನ್ನು ಬೇಡುವ 72 ತೋಪಿನ ನೌಕೆ ಹಾಯುವುದು ಹೇಗೆ? ಅರಬ್ಬೀ ಸಮುದ್ರದ ಹಡಗು ಬಡಗಿಗಳು ಕಣ್ಣಳತೆಯಿಂದ ಸೊಗಸಾದ ನಾವೆಗಳನ್ನು ಕಟ್ಟಬಲ್ಲವರಾಗಿದ್ದರು. ಆದರೆ ಒಂದರ ಮೇಲೊಂದು ಎರಡು ಅಟ್ಟಗಳಲ್ಲಿ ಭಾರವಾದ ತೋಪುಗಳನ್ನು ಹೊತ್ತು, ಅವು ಒಮ್ಮೆಲೇ ಸಿಡಿದಾಗಿನ ಹಿನ್ನೂಕನ್ನು ತಡೆದು, ಬಿರುಗಾಳಿಯಲ್ಲಿ ಸಮತೋಲ ಕಾಯುವ ದೇಹವನ್ನು ರೂಪಿಸುವುದು ಬೇರೆಯೇ ವಿದ್ಯೆ. ಯುರೋಪಿನಲ್ಲಿ ಅದು ತಲೆಮಾರುಗಳ ಅನುಭವದಿಂದ ಕೂಡಿಬಂದದ್ದು. ಮುಂಬಯಿಯಲ್ಲಿ ಇಂಗ್ಲಿಷರು ಅದನ್ನು ಹೇಗೆ ಸಾಧಿಸಿದರು? 1736ರಲ್ಲಿ ಸೂರತಿನ ಪಾರಸಿ ಬಡಗಿ ಲವ್ಜಿ ವಾಡಿಯಾನನ್ನು ಕರೆತಂದರು, ಕೆಲಸವನ್ನು ಆ ಒಂದೇ ಮನೆತನದ ಕೈಯಲ್ಲಿ ತಂದೆಯಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಸಾಗಗೊಟ್ಟರು. ಶ್ರೀರಂಗಪಟ್ಟಣದಲ್ಲಿ ಬಿರುದುಗಳು ಹನ್ನೊಂದಾದವು, ಮೂವತ್ತಾದವು. ಅಂಥ ಒಂದು ಬಡಗಿ ಮನೆತನ ಬೆಳೆಯಲು ಬೇಕಾದ ಅರವತ್ತು ವರ್ಷ ಯಾರ ಬಳಿಯೂ ಇರಲಿಲ್ಲ.

ವಿಧಿಯ ಪರಿಹಾಸ್ಯವನ್ನು ನೋಡಬೇಕಾದರೆ 1797ರ ಮಂಗಳೂರನ್ನು ನೋಡಬೇಕು. ನಲವತ್ತು ಯುದ್ಧನೌಕೆಗಳ ಆಜ್ಞೆಯ ಶಾಯಿ ಆರುವ ಮೊದಲೇ, ರಿಪೋ ಎಂಬ ಫ್ರೆಂಚ್ ಸಾಹಸಿಯೊಬ್ಬನು ಹಾನಿಗೊಂಡ ಹಡಗೊಂದರಲ್ಲಿ ಆ ಬಂದರಿಗೆ ಬಂದು ಬಿದ್ದನು. ತಾನು ಫ್ರಾನ್ಸಿನ ಪ್ರತಿನಿಧಿಯೆಂದೂ ಮಾರಿಷಸ್ಸಿನಲ್ಲಿ ದೊಡ್ಡ ಸೈನ್ಯವು ಸಿದ್ಧವಾಗಿದೆಯೆಂದೂ ಹೇಳಿಕೊಂಡನು. ಸುಲ್ತಾನನು ತನ್ನ ದೂತರನ್ನು ಮಾರಿಷಸ್ಸಿಗೆ ಕಳುಹಿಸಬೇಕಾಯಿತು. ಕಳುಹಿಸಿದ್ದು ಯಾವ ಹಡಗಿನಲ್ಲಿ? ಮಂಗಳೂರಿನ ಕಟ್ಟೆಯಲ್ಲಿ ಹುಟ್ಟಿದ ನೌಕೆಯಲ್ಲಲ್ಲ. ಆ ರಿಪೋವಿನ ಹಡಗನ್ನೇ ಕ್ರಯಕ್ಕೆ ಕೊಂಡು. ಗುಟ್ಟಾಗಿ ನಡೆಯಬೇಕಾದ ಮಾತುಕತೆಯನ್ನು ಅಲ್ಲಿನ ಗವರ್ನರ್ ಮಲಾರ್ತಿಕನು 1798ರ ಜನವರಿ 30ರಂದು ಬಹಿರಂಗ ಘೋಷಣೆಯಾಗಿ ಹೊರಡಿಸಿ, ಇಂಗ್ಲಿಷರ ಗವರ್ನರ್ ಜನರಲ್ ವೆಲ್ಲೆಸ್ಲಿಗೆ ಯುದ್ಧದ ನೆಪವನ್ನು ತಟ್ಟೆಯಲ್ಲಿಟ್ಟು ಕೊಟ್ಟನು. ಏಪ್ರಿಲಿನಲ್ಲಿ ಫ್ರೆಂಚ್ ಫ್ರಿಗೇಟೊಂದರಲ್ಲಿ ದೂತರೊಡನೆ ಮಂಗಳೂರಿಗೆ ಇಳಿದ ಮಹಾಸೈನ್ಯವು ನೂರು ಜನವನ್ನೂ ಮುಟ್ಟಲಿಲ್ಲ. ಅವರ ಪಟ್ಟಿಯಲ್ಲಿ ಹಡಗು ಕಟ್ಟುವವರು ಮತ್ತಿತರರೆಂದು ನಾಲ್ವರಿದ್ದರು. ಆ ನಾಲ್ವರ ಕೈಗೆ ಸಿಕ್ಕ ಅವಧಿ ಒಂದು ಮಳೆಗಾಲ, ಒಂದು ಬೇಸಗೆ.

1799ರ ಮೇ 4ರಂದು ಶ್ರೀರಂಗಪಟ್ಟಣವು ಬಿದ್ದಿತು, ಕೋಟೆಯ ದ್ವಾರದ ಬಳಿ ಸುಲ್ತಾನನೂ ಬಿದ್ದನು. ಅಂದು ಕೋಟೆಯನ್ನು ಸುತ್ತುಗಟ್ಟಿದ ಸೈನ್ಯದಲ್ಲಿ ಮೀರ್ ಆಲಮನ ನಾಯಕತ್ವದ ನಿಜಾಮನ ಪಡೆಯೂ ಇತ್ತು, ಮತ್ತು ನಮ್ಮ ಭೀಮಾತೀರವು ಆಗ ನಿಜಾಮನದೇ ಸೀಮೆ ಎಂಬುದನ್ನು ನಾವು ಮರೆಮಾಚಬೇಕಾಗಿಲ್ಲ. ಫಿರೋಜ ಶಹನ ಕಾಲದಲ್ಲಿ ಹಡಗಿನ ದಾರಿ ಕಾಯುತ್ತಿದ್ದ ನಾಡು ಈಗ ಹಡಗಿನಿಂದ ಬಂದವರ ಮಿತ್ರಪಕ್ಷದಲ್ಲಿ ನಿಂತಿತ್ತು. ಎರಡು ವರ್ಷಗಳೊಳಗೆ ಈಸ್ಟ್ ಇಂಡಿಯಾ ಕಂಪನಿಯ ಆಜ್ಞೆಯಿಂದ ಈ ದೇಶವನ್ನು ಸುತ್ತಿದ ಡಾಕ್ಟರ್ ಫ್ರಾನ್ಸಿಸ್ ಬುಕಾನನ್ನನು ಹೊನ್ನಾವರದ ಹಿನ್ನೀರಿನಲ್ಲಿ ಮುಳುಗಿಸಲಾಗಿದ್ದ ಹೈದರನ ಯುದ್ಧನೌಕೆಗಳ ಅವಶೇಷಗಳನ್ನು ಕಂಡು ತನ್ನ ದಿನಚರಿಯಲ್ಲಿ ಬರೆದುಕೊಂಡನು. ತಂದೆಯ ಹಡಗುಗಳಿಗೆ ಮುಳುಗುವ ಭಾಗ್ಯವಾದರೂ ಇತ್ತು. ಮಗನ ನಲವತ್ತರ ಪಡೆಯು ಅಳಿವೆಯನ್ನು ದಾಟಿ ಸಾಗರದಲ್ಲಿ ಸಾಲುಗಟ್ಟಿ ನಿಂತ ದಿನ ಬರಲೇ ಇಲ್ಲ.

ಸುಲ್ತಾನನು ಕಟ್ಟಬೇಕೆಂದಿದ್ದ ಹಡಗು ಮಾತ್ರ ಕಟ್ಟಲ್ಪಟ್ಟಿತು, ಬೇರೆಯವರಿಂದ. ಇಂಗ್ಲೆಂಡಿನಲ್ಲಿ ಓಕ್ ಮರಕ್ಕೆ ಬರ ಬಂದಿತ್ತು. 1806ರಲ್ಲಿ ಕ್ಯಾಪ್ಟನ್ ವಾಟ್ಸನ್ನನು ಮಲಬಾರಿನ ಕಾಡುಗಳ ಮೊದಲ ಸಂರಕ್ಷಕನಾಗಿ ನೇಮಕಗೊಂಡನು. ಸಂರಕ್ಷಣೆಯೆಂದರೆ ಇಲ್ಲಿ ನೌಕಾಪಡೆಗೆ ತೇಗವನ್ನು ಕಾದಿಡುವುದು, ಕಾಡಿನ ಒಡೆಯರ ಕೈಯಿಂದ ಮರದ ಹಕ್ಕನ್ನು ಕಿತ್ತುಕೊಳ್ಳುವುದು. 1810ರ ಜೂನಿನಲ್ಲಿ, ಸುಲ್ತಾನನ ಮರಣದ ಹನ್ನೊಂದು ವರ್ಷಗಳ ನಂತರ, ಮುಂಬಯಿಯ ಕಟ್ಟೆಯಿಂದ ಜಮ್ಶೆಡ್ಜಿ ಬೊಮಾಂಜಿ ವಾಡಿಯಾ ತೇಗದಲ್ಲಿ ಕಟ್ಟಿದ ಮಿಂಡನ್ ಎಂಬ ಮಹಾನೌಕೆಯು ಬ್ರಿಟಿಷ್ ದೊರೆಯ ಬಾವುಟದಡಿ ನೀರಿಗಿಳಿಯಿತು. ಅದರ ತೋಪುಗಳು 74, ಟಿಪ್ಪುವಿನ ಅಳತೆಗಿಂತ ಎರಡೇ ಹೆಚ್ಚು. ಅದೇ ಕಟ್ಟೆಯಲ್ಲಿ 1817ರಲ್ಲಿ ಹುಟ್ಟಿದ ಟ್ರಿಂಕೋಮಲಿ ಎಂಬ ಫ್ರಿಗೇಟು ಇಂದಿಗೂ ಇಂಗ್ಲೆಂಡಿನ ಹಾರ್ಟಲ್‌ಪೂಲಿನಲ್ಲಿ ನೀರಿನ ಮೇಲೆ ನಿಂತಿದೆ. ಹಿಂದುಸ್ಥಾನದ ತೇಗದ ಬಾಳಿಕೆಗೆ ಬೇರೆ ಸಾಕ್ಷ್ಯ ಬೇಡ. ವಾಟ್ಸನ್ನನ ಹುದ್ದೆಯ ಜುಲುಮಿನಿಂದ ಬೇಸತ್ತ ಜನರ ದೂರುಗಳು ಮದರಾಸಿಗೆ ಮುಟ್ಟಿ, 1823ರಲ್ಲಿ ಆ ಹುದ್ದೆಯನ್ನೇ ರದ್ದುಪಡಿಸಿದವನು ಗವರ್ನರ್ ಥಾಮಸ್ ಮನ್ರೋ. ಟಿಪ್ಪುವು ಬಿದ್ದ ವರ್ಷದಲ್ಲಿ ಕೆನರಾ ಸೀಮೆಯ ಮೊದಲ ಕಲೆಕ್ಟರನಾಗಿ ಆ ಕಡಲತೀರವನ್ನು ವಹಿಸಿಕೊಂಡಿದ್ದವನೂ ಅವನೇ.